ಕರಿಕಲ್ಲಿನ ಮಿಂಚು

ಬಂಗಾರಪೇಟೆಯಲ್ಲಿ ರೈಲು ಬದಲಿಸುವ ಮೊದಲು ಒಂದು ಪ್ಲೇಟ್ ಪಾನಿಪುರಿ ತಿನ್ನುವುದು ನನ್ನ ಕ್ರಮ. ಈ ಊರಿನ ಪಾನಿ ಬಾವಿಯ ತಿಳಿನೀರಿನಂತಿರುತ್ತದೆ. ಇದರಲ್ಲೇನಿದೆ ಎಂದು ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಕಣ್ಣಿಗೆ ಸಪ್ಪೆ, ನಾಲಗೆಗೆ ಹಬ್ಬ. ನಾನು ನೋಡಲು ಹೊರಟ ಕಲ್ಲುಗಳೂ ಇದೇ ಜಾತಿಯವು.

ಮಾರಿಕುಪ್ಪಂ ರೈಲು ಹೊರಟ ಮೇಲೆ ಸ್ವಲ್ಪ ದೂರ ಕಿಟಕಿಯಾಚೆ ಬೂದುಬಣ್ಣದ ದುಂಡು ಬಂಡೆಗಳು. ಕೋಲಾರದ ಅಂತರಗಂಗೆ ಬೆಟ್ಟದಲ್ಲಂತೂ ಇವುಗಳದೇ ಸಂತೆ. ಹೊಲದ ಬೇಲಿಯ ಕಂಬ, ಮನೆಯ ಚಪ್ಪಡಿ, ಅಜ್ಜಿಯ ರುಬ್ಬುಗುಂಡು ಎಲ್ಲ ಈ ಕುಲದವೇ: ಗ್ರಾನೈಟ್, ಮತ್ತು ಅದರ ದಾಯಾದಿ ನೈಸ್. ಕರಗಿದ ಕಲ್ಲಿಗೆ ಕನ್ನಡದ ಪಠ್ಯಗಳಲ್ಲಿ ಶಿಲಾಪಾಕ ಎನ್ನುತ್ತಾರೆ. ಆ ಹೆಸರಿಟ್ಟವರು ಖಂಡಿತ ಅಡುಗೆಮನೆ ಬಲ್ಲವರು. ಸಕ್ಕರೆ ಪಾಕವನ್ನು ಕದಲಿಸದೆ ನಿಧಾನವಾಗಿ ಆರಲು ಬಿಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆ ಕಟ್ಟುತ್ತದೆ. ನೆಲದಾಳದಲ್ಲಿ ಹಾಗೆ ಅವಸರವಿಲ್ಲದೆ ಆರಿದ ಪಾಕವೇ ಗ್ರಾನೈಟ್. ಒಡೆದ ಹೊಸ ಮುಖ ನೋಡಿ: ಮಸುಕು ಗಾಜಿನಂತೆ ಇರುವುದು ಬೆಣಚು, ಹಾಲುಬಿಳುಪು ಇಲ್ಲವೇ ನಸುಗೆಂಪಿನ ಚಪ್ಪಟೆ ಮೈಯಿಂದ ಬೆಳಕು ಚಿಮ್ಮಿಸುವುದು ಫೆಲ್ಡ್‌ಸ್ಪಾರ್, ಉಗುರಿಗೆ ಹಾಳೆಹಾಳೆಯಾಗಿ ಏಳುವುದು ಅಭ್ರಕ. ಅಭ್ರಕಕ್ಕೆ ಕಾಗೆಬಂಗಾರ ಎಂದೂ ಹೆಸರು. ಚಿನ್ನದ ಸೀಮೆಯ ಹಾದಿಯಲ್ಲಿ ಕಾಗೆಬಂಗಾರ ಎದುರಾಗುವಾಗ ನನಗೆ ಪ್ರತಿ ಸಲವೂ ನಗು ಬರುತ್ತದೆ. ಅವೇ ಹರಳುಗಳು ಶಾಖ, ಒತ್ತಡಗಳಿಗೆ ಸಿಕ್ಕಿ ಕರಿ-ಬಿಳಿ ಪಟ್ಟೆಗಳಾಗಿ ಸಾಲುಗಟ್ಟಿದರೆ ನೈಸ್. ಲಾಲ್‌ಬಾಗಿನ ಬಂಡೆ ಹತ್ತಿದವರೆಲ್ಲ ಅದರ ಮೇಲೆಯೇ ನಡೆದಿದ್ದಾರೆ, ಕೆಳಗೆ ನೋಡದೆ.

ಉರಿಗಾಂ ಬರುವ ಹೊತ್ತಿಗೆ ಆ ದುಂಡು ಬಂಡೆಗಳು ಹಿಂದೆ ಉಳಿದು, ಕೋಲಾರದ ಚಿನ್ನದ ಗಣಿಗಳ ಸೀಮೆ, ಕೆಜಿಎಫ್, ಶುರುವಾಗಿರುತ್ತದೆ. ನಂದಿದುರ್ಗ ಎಂದರೆ ಹೊರಗಿನವರಿಗೆ ಚಿಕ್ಕಬಳ್ಳಾಪುರದ ಬೆಟ್ಟ ನೆನಪಾಗುತ್ತದೆ. ಕೆಜಿಎಫ್‌ನವರಿಗೆ ಅದು ಗಣಿ, ಚಾಂಪಿಯನ್ ರೀಫ್ ಮತ್ತು ಮೈಸೂರು ಮೈನ್‌ಗಳ ಒಡಹುಟ್ಟು. 2001ರ ಫೆಬ್ರವರಿ 28ರಂದು ಇಲ್ಲಿನ ಗಣಿಗಾರಿಕೆ ನಿಂತಿತು. ಚಿನ್ನದ ಕಥೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಆಸೆ ಇರುವುದು ಅದನ್ನು ಒಡಲಲ್ಲಿಟ್ಟುಕೊಂಡಿದ್ದ ಕರಿಕಲ್ಲಿನ ಮೇಲೆ. ಅದಕ್ಕಾಗಿ ಗಣಿಯ ಬೇಲಿ ದಾಟಬೇಕಿಲ್ಲ, ರಸ್ತೆಯಂಚಿನ ಜಲ್ಲಿ ಸಾಕು.

ಒಂದು ತುಂಡು ಎತ್ತಿಕೊಳ್ಳಿ. ಮೊದಲು ತೂಕ. ಅದೇ ಗಾತ್ರದ ಗ್ರಾನೈಟನ್ನು ಇನ್ನೊಂದು ಅಂಗೈಯಲ್ಲಿಡಿ. ಗ್ರಾನೈಟು ನೀರಿಗಿಂತ ಸುಮಾರು 2.7 ಪಟ್ಟು ಭಾರ, ಇದು ಹೆಚ್ಚುಕಡಿಮೆ 3 ಪಟ್ಟು. ಲೆಕ್ಕದಲ್ಲಿ ಚೂರೇ ವ್ಯತ್ಯಾಸ, ಆದರೆ ಅಂಗೈ ಅದನ್ನು ಕೂಡಲೇ ಹಿಡಿಯುತ್ತದೆ. ನೋಡಲು ಕಪ್ಪು, ಬರೀ ಕಪ್ಪು. ಈಗ ಬಾಟಲಿಯಿಂದ ನಾಲ್ಕು ಹನಿ ನೀರು ಚೆಲ್ಲಿ. ಕಪ್ಪಿನೊಳಗಿಂದ ಹಸಿರು ಮೇಲೇಳುತ್ತದೆ, ಮಳೆಯಲ್ಲಿ ತೊಯ್ದ ಹಲಸಿನೆಲೆಯ ಕಡುಹಸಿರು. ಬಿಸಿಲಿಗೆ ಹಿಡಿದು ಮೆಲ್ಲಗೆ, ತೀರಾ ಮೆಲ್ಲಗೆ ಹೊರಳಿಸಿ. ಏನೂ ಇಲ್ಲ. ಇನ್ನಷ್ಟು. ಇನ್ನೊಂದು ಕೂದಲೆಳೆಯಷ್ಟು. ಥಟ್ಟನೆ ಸೂಜಿಯಂಥ ನೂರಾರು ಹರಳುಗಳು ಒಟ್ಟಿಗೆ ಮಿಂಚಿ, ರೇಷ್ಮೆ ಸೆರಗು ಮಡಿಕೆ ಬದಲಿಸಿದಂತೆ, ಕಲ್ಲಿನ ಮೈಮೇಲಿಂದ ಬೆಳಕೊಂದು ಜಾರಿಹೋಗುತ್ತದೆ. ಆ ಹರಳು ಹಾರ್ನ್‌ಬ್ಲೆಂಡ್. ಕಲ್ಲಿನ ಹೆಸರು ಆಂಫಿಬೊಲೈಟ್. ಹೆಸರು ಒರಟು, ಕಲ್ಲು ನವಿರು.

ಇದು ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ನೀರು ಸೋಕಿದ ಕೂಡಲೇ ಹೊರಮೈ ಬಿಗಿದುಕೊಳ್ಳುತ್ತದೆ, ಒಳಗಿನ್ನೂ ಪಾಕ ಕುದಿಯುತ್ತಿರುತ್ತದೆ. ಬಿಗಿತ ತಾಳದೆ ಸಿಪ್ಪೆ ಬಿರಿದು ಮತ್ತೊಂದು ಉಂಡೆ ಹೊರಕ್ಕೆ ಬರುತ್ತದೆ, ಅದರ ಮೇಲೆ ಇನ್ನೊಂದು. ಕೊನೆಗೆ ದಿಂಬುಗಳನ್ನು ಒಟ್ಟಿದ ಹಾಗೆ. ದಿಂಬು ಲಾವಾ ಎಂಬ ಹೆಸರು ಅದರಿಂದಲೇ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಈ ದಿಂಬುಗಳ ಆಕಾರ ಇಲ್ಲಿಗಿಂತ ಚೊಕ್ಕ, ಒಪ್ಪುತ್ತೇನೆ. ಅವಸರದಲ್ಲಿ ಆರಿದ ಈ ಬಸಾಲ್ಟಿಗೆ ದಪ್ಪ ಹರಳು ಕಟ್ಟಲು ಪುರುಸೊತ್ತೇ ಇರಲಿಲ್ಲ. ಆಮೇಲೆ ಅದು ಆಳಕ್ಕೆ ಹೂತುಹೋಗಿ, ಬೆಂದು, ಹಿಂಡಿಸಿಕೊಂಡು, ಕರಗದೆಯೇ ಒಳಗೊಳಗೆ ಹೊಸ ಹರಳು ಹೆಣೆದುಕೊಂಡಿತು. ರೂಪಾಂತರ ಶಿಲೆ ಎಂದು ಶಾಲೆಯಲ್ಲಿ ಒಂದು ಅಂಕಕ್ಕೆ ಬರೆದಿದ್ದೆವಲ್ಲ, ಆ ಶಬ್ದದೊಳಗೆ ಇಷ್ಟೆಲ್ಲ ಇತ್ತು.

ಅದೇ ಜಲ್ಲಿಯಲ್ಲಿ ಬೆಣಚುಕಲ್ಲಿನ ಚೂರೂ ಸಿಗುತ್ತದೆ. ಚಾಕುವಿನಿಂದ ಗೀರಿ ನೋಡಿ, ಕಲ್ಲಿಗೆ ಗಾಯವಾಗುವುದಿಲ್ಲ. ಚಾಕುವಿನ ಕಬ್ಬಿಣವೇ ಅದರ ಮೇಲೆ ಬೂದು ಗೆರೆಯಾಗಿ ಉಳಿಯುತ್ತದೆ. ಒಡೆದ ಮೈ ಚಿಪ್ಪಿನ ಒಳಮೈಯಂತೆ ತಗ್ಗಾಗಿ, ನುಣ್ಣಗೆ. ಕರಿಕಲ್ಲಿನ ಬಿರುಕುಗಳಲ್ಲಿ ಬಿಸಿ ದ್ರವ ಏರಿ ಬಂದಾಗ ಅದರಲ್ಲಿ ಕರಗಿದ್ದ ಸಿಲಿಕ ಹೀಗೆ ಗಟ್ಟಿಯಾಯಿತು, ಜೊತೆಗೆ ಚೂರುಪಾರು ಚಿನ್ನವೂ ಸಿಕ್ಕಿಕೊಂಡಿತು. ಚಾಂಪಿಯನ್ ರೀಫಿನಲ್ಲಿ ಇಂಥ ಬಿಳಿಪಟ್ಟೆಯ ಬೆನ್ನು ಹತ್ತಿ ಮನುಷ್ಯರು ನೆಲದಡಿ 3 ಕಿಲೋಮೀಟರಿಗೂ ಆಳ ಇಳಿದರು.

ಜಲಜ ಶಿಲೆಯ ವಿಷಯದಲ್ಲಿ ಈ ಸೀಮೆ ಸ್ವಲ್ಪ ಬಡವ. ಕಬ್ಬಿಣ, ಸಿಲಿಕಗಳು ಪದರಪದರವಾಗಿ ಕೂತ ಪಟ್ಟೆಗಲ್ಲು ಅಲ್ಲಲ್ಲಿ ಉಂಟು. ಮರಳು ಕಲ್ಲಾದ ಸೊಗಸು ಬೇಕೆಂದರೆ ಬಾದಾಮಿಗೇ ಹೋಗಬೇಕು, ಅದೂ ಸಂಜೆಯ ಬಿಸಿಲಿಗೆ.

ಕೊನೆಗೆ ಈ ಸೀಮೆಯದೇ ಹಳ್ಳಿ, ಪೆದ್ದಪಲ್ಲಿ. ಇಲ್ಲಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಜ್ವಾಲಾಮುಖಿ ಸಿಡಿದಾಗ ಅದರೊಂದಿಗೆ ಚಿಮ್ಮಿದ ಗ್ರಾನೈಟ್, ನೈಸ್ ತುಂಡುಗಳು ಉದುರಿ ಬಿದ್ದು, ನಯವಾದ ಬೂದಿಯ ಹಿಟ್ಟಿನಲ್ಲಿ ಹುದುಗಿಹೋಗಿ ಕಲ್ಲಾಗಿವೆ. ಕೆಲವು ಸಾಸಿವೆಯಷ್ಟು, ಕೆಲವು ಕುಂಬಳಕಾಯಿಯಷ್ಟು. ಬಹುಪಾಲು ತುಂಡುಗಳ ಮೂಲೆ ಸವೆದಿಲ್ಲ; ಹೊಳೆಯಲ್ಲಿ ಉರುಳಿಬಂದ ಕಲ್ಲಾದರೆ ಮೂಲೆ ಉಳಿಯುತ್ತಿರಲಿಲ್ಲ. ಆ ಮೂಲೆಗಳ ಮೇಲೆ ಬೆರಳಾಡಿಸುತ್ತಾ, ಒಂದೊಂದಕ್ಕೂ ನೀರು ಚಿಮುಕಿಸಿ ಬಣ್ಣ ನೋಡುತ್ತಾ ಕೂತು, ಕಳೆದ ಸಲ ಸಂಜೆಯ ರೈಲು ತಪ್ಪಿಸಿಕೊಂಡೆ. ಬಾಟಲಿಯ ನೀರೆಲ್ಲ ಕಲ್ಲುಗಳಿಗೇ ಆಗಿತ್ತು. ಬಸ್ಸಿನಲ್ಲಿ, ಒಣಗಿದ ಗಂಟಲಿನಲ್ಲೇ, ಬಂಗಾರಪೇಟೆ ತಲುಪಿದೆ.