ಗೆಳೆಯನ ಪರವಾಗಿ ಆಡದ ಮಾತು

ಸರ್ವಧರ್ಮ ಸಮ್ಮೇಳನಗಳಿಗೆ ಹೋಗಿ ಬಂದವರಿಗೆಲ್ಲ ಅಲ್ಲಿಯ ಕ್ರಮ ಗೊತ್ತು. ವೇದಿಕೆಯ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲವಿ, ಒಬ್ಬ ಪಾದ್ರಿ. ಎಲ್ಲ ಧರ್ಮಗಳ ಸಾರ ಒಂದೇ ಎಂದು ಮೂವರೂ ಹೇಳುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಫೋಟೋ. ಕೇಳುತ್ತಾ ಕುಳಿತವರಲ್ಲಿ ಹೆಚ್ಚಿನವರು ತಲೆ ನರೆತವರು. ನಾಳೆ ಮಿಂಬರಿನ ಮೇಲೆ, ಪೀಠದ ಮೇಲೆ, ಆಲ್ತಾರಿನ ಮುಂದೆ ನಿಂತು ಮಾತನಾಡಬೇಕಾದ ಹುಡುಗರು ಅಲ್ಲಿ ಕಾಣುವುದಿಲ್ಲ.

ಇದೇ ದೂರನ್ನು ಅಮೆರಿಕದಲ್ಲಿ ಎತ್ತಿದವರು ಇಬೂ ಪಟೇಲ್. ಮುಂಬಯಿ ಮೂಲದ ಇಸ್ಮಾಯಿಲಿ ಕುಟುಂಬದವರು, ಬೆಳೆದದ್ದು ಶಿಕಾಗೋ ಸಮೀಪ, ಸಂಶೋಧನೆ ಮಾಡಿದ್ದು ಆಕ್ಸ್‌ಫರ್ಡಿನಲ್ಲಿ. ಬೇರೆ ಬೇರೆ ಧರ್ಮಗಳ ಯುವಕರನ್ನು ಸೇವಾಕಾರ್ಯದಲ್ಲಿ ಒಂದುಗೂಡಿಸಲು ಅವರು ಕಟ್ಟಿದ 'ಇಂಟರ್‌ಫೇತ್ ಯೂತ್ ಕೋರ್' 2022ರಿಂದ 'ಇಂಟರ್‌ಫೇತ್ ಅಮೆರಿಕ' ಎಂಬ ಹೆಸರಿನಲ್ಲಿದೆ. 2007ರಲ್ಲಿ ಬಂದ ಅವರ ಆತ್ಮಕಥನ 'ಆಕ್ಟ್ಸ್ ಆಫ್ ಫೇತ್' ಅನ್ನು ನಾವು ತಡವಾಗಿ ಓದಿದೆವು.

ಪುಸ್ತಕದ ವಾದ ಸರಳ. ದ್ವೇಷ ಬಿತ್ತುವವರು ಯುವಕರನ್ನು ಹುಡುಕಿಕೊಂಡು ಹೋಗುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಕೆಲಸ ಕೊಡುತ್ತಾರೆ. ಸೌಹಾರ್ದ ಬಯಸುವವರು ಕರಪತ್ರ ಅಚ್ಚು ಹಾಕಿಸುತ್ತಾರೆ. ಮಾಂಟ್‌ಗೊಮರಿ ಬಸ್ ಬಹಿಷ್ಕಾರದ ಮುಂದಾಳಾದಾಗ ಮಾರ್ಟಿನ್ ಲೂಥರ್ ಕಿಂಗ್‌ಗೆ ವಯಸ್ಸು ಬರೀ 26. ಒಳಿತಿಗೂ ಕೆಡುಕಿಗೂ ಧರ್ಮದ ಕಸುವು ತುಂಬುವುದು ಹರೆಯದಲ್ಲೇ.

ಆದರೆ ಪುಸ್ತಕದ ಜೀವ ಈ ವಾದದಲ್ಲಿಲ್ಲ, ಮೂರು ಸಣ್ಣ ಪ್ರಸಂಗಗಳಲ್ಲಿದೆ. ಮೊದಲನೆಯದು ಧರ್ಮಶಾಲೆಯದು. ಬೌದ್ಧ ಧ್ಯಾನದ ಕಡೆ ಒಲಿದಿದ್ದ ಪಟೇಲ್, ಕ್ಯಾಥೊಲಿಕ್ ಸಾಧಕ ವೇಯ್ನ್ ಟೀಸ್‌ಡೇಲ್ ನೆರವಿನಿಂದ ಯೆಹೂದಿ ಗೆಳೆಯನ ಜೊತೆ ದಲೈ ಲಾಮಾರನ್ನು ಕಾಣುತ್ತಾರೆ. ಬೌದ್ಧ ಗುರುವಿನ ಎದುರು ಕುಳಿತಾಗ ತಾನು ಮುಸ್ಲಿಮ್ ಎಂಬುದು ಅವರಿಗೆ ಹೊಸದಾಗಿ ಅರ್ಥವಾಗತೊಡಗುತ್ತದೆ. ಎರಡನೆಯದು ಮುಂಬಯಿಯ ಅಜ್ಜಿಯ ಮನೆ. ಅಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಇದ್ದಾಳೆ; ಮನೆಯವರ ಹೊಡೆತ ತಾಳದೆ ಬಂದವಳು. ಅಜ್ಜಿ ಹೀಗೆ ಆಸರೆ ಕೊಟ್ಟ ಹೆಂಗಸರ ಫೋಟೋಗಳೇ ಒಂದು ಪೆಟ್ಟಿಗೆಯಲ್ಲಿವೆ. ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದರೆ, ಮುಸ್ಲಿಮರು ಮಾಡಬೇಕಾದ್ದೇ ಇದು ಎಂಬುದು ಅಜ್ಜಿಯ ಉತ್ತರ. ಯಾವ ತಫ್ಸೀರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು.

ಮೂರನೆಯದೇ ನಮ್ಮ ನಿದ್ದೆ ಕೆಡಿಸಿದ್ದು. ಹೈಸ್ಕೂಲಿನಲ್ಲಿ ಕೆಲ ಹುಡುಗರು ಯೆಹೂದಿ ಗೆಳೆಯನೊಬ್ಬನನ್ನು ಹೀನಾಯವಾಗಿ ಹಂಗಿಸುತ್ತಾರೆ. ಪಟೇಲ್ ಬಾಯಿ ಬಿಡುವುದಿಲ್ಲ, ಮುಖ ತಪ್ಪಿಸಿ ಓಡಾಡುತ್ತಾರೆ. ವರ್ಷಗಳ ಮೇಲೆ ಗೆಳೆಯ, ತನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಆ ಮೌನ ಎಂದು ತಿಳಿಸುತ್ತಾನೆ. ಈ ಅವಮಾನವನ್ನು ಪಟೇಲ್ ಮುಚ್ಚಿಡದೆ ಬರೆದಿದ್ದಾರೆ.

ಸೂಫಿಗಳು ಇದನ್ನು ಮುಹಾಸಬಾ ಎಂದರು. ಹಿಸಾಬು ಎಂಬ ಮಾತಿನ ಒಡಹುಟ್ಟು ಇದು. ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. 9ನೇ ಶತಮಾನದ ಬಗ್ದಾದಿನ ಅಲ್ ಮುಹಾಸಿಬಿಗೆ ಆ ಹೆಸರು ಬಂದದ್ದೇ ಇದರಿಂದ. ನಮ್ಮ ಲೆಕ್ಕವನ್ನೂ ಇಲ್ಲಿ ಬರೆಯಬೇಕು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಯಾದಾಗ ನಮ್ಮ ಜೊತೆ ಓದಿದ ಕ್ರೈಸ್ತ ಗೆಳೆಯ ಅಲ್ಲೇ ಇದ್ದ. ಅವನ ನಂಬರು ನಮ್ಮಲ್ಲಿತ್ತು. ನಾವು ಫೋನು ಮಾಡಲಿಲ್ಲ. ನಾವು ತಲೆ ಹಾಕಿದರೆ ವಿಷಯ ಇನ್ನಷ್ಟು ಕೆಡುತ್ತದೆ ಎಂದು ನೆಪ ಹೇಳಿಕೊಂಡೆವು. ಮುಂದೆ ಅಬ್ಬಾ ತೀರಿಕೊಂಡಾಗ ಅದೇ ಗೆಳೆಯ ರಾತ್ರಿ ಬಸ್ಸು ಹಿಡಿದು ಬಂದ. ದಫನು ಮುಗಿಯುವವರೆಗೆ ಖಬರಸ್ತಾನದ ಗೇಟಿನ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ. ಹಳೆಯದೇನನ್ನೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಹೀಗೆ ಓದುಗನನ್ನು ಕಟಕಟೆಗೆ ತರುವ ಪುಸ್ತಕ, ಉತ್ತರಾರ್ಧದಲ್ಲಿ ತನ್ನ ಸಂಸ್ಥೆಯ ವರದಿಯಾಗುತ್ತದೆ. ಸಭೆ, ಅನುದಾನ, ಯೋಜನೆಗಳ ವಿವರದಲ್ಲಿ ಆ ಮೊದಲಿನ ನಡುಕ ಮಾಯ. ಇನ್ನೊಂದು ಕೊರತೆ ಗಂಭೀರವಾದದ್ದು. ನಾಲ್ಕು ಧರ್ಮದ ಹುಡುಗರು ಸೇರಿ ಶಾಲೆಯ ಗೋಡೆಗೆ ಬಣ್ಣ ಬಳಿಯುವುದು ಚೆಂದವೇ. ಆದರೆ ನೆರೆಯವನ ಮನೆಗೆ ಕಲ್ಲು ಬಿದ್ದ ಮೇಲೆ ಕೋರ್ಟಿಗೆ ಹೋಗಿ ಸಾಕ್ಷಿ ಹೇಳುವವರು ಯಾರು? ಸೇವೆಯ ಮಾತು ಸುಲಭ, ನ್ಯಾಯದ ಮಾತು ಕಷ್ಟ. ಪಟೇಲ್ ಕಷ್ಟದ ಕಡೆ ಕೈ ತೋರಿಸಿ, ಸುಲಭದ ದಾರಿಯಲ್ಲಿ ನಡೆದಂತೆ ಕಾಣುತ್ತದೆ.

ಮೇಲಾಗಿ ಅವರ ಯುವಕರು ಹೆಚ್ಚಾಗಿ ಕಾಲೇಜಿನವರು. ನಮ್ಮಲ್ಲಿ ಜನ ಕಿವಿಗೊಡುವುದು ಮದ್ರಸಾ, ಮಠ, ಸೆಮಿನರಿಗಳಿಂದ ಹೊರಬಂದವರಿಗೆ. ಈ ದಿಕ್ಕಿನಲ್ಲಿ ಯೋಚಿಸಿದವರು ದಕ್ಷಿಣ ಆಫ್ರಿಕ ಮೂಲದ, ಭಾರತದ ಮದ್ರಸಾಗಳಲ್ಲೇ ಓದಿದ ಇಬ್ರಾಹೀಮ್ ಮೂಸಾ. ಅಮೆರಿಕದ ನೋಟ್ರ್ ಡೇಮ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅವರು ಭಾರತ, ಪಾಕಿಸ್ತಾನಗಳ ಮದ್ರಸಾ ಪದವೀಧರರಿಗೆ ವಿಜ್ಞಾನ, ತತ್ವಶಾಸ್ತ್ರಗಳ ಪಾಠ ನಡೆಸಿದರು. ಪಟೇಲರ ಪುಸ್ತಕದ ಪಕ್ಕ ಮೂಸಾ ಅವರ 'ವಾಟ್ ಈಸ್ ಎ ಮದ್ರಸಾ?' (2015) ಇಟ್ಟು ಓದುವುದು ಒಳ್ಳೆಯದು.

ಉರ್ದುವಿನಲ್ಲಿ ತಆರುಫ್ ಎಂದರೆ ಪರಿಚಯ. ನಾವು ಅದನ್ನು ಕೈಕುಲುಕುವ ಮಟ್ಟಕ್ಕೆ ಇಳಿಸಿಬಿಟ್ಟಿದ್ದೇವೆ. ಸೂರಾ ಹುಜುರಾತ್ ಹೇಳುವ ಪರಸ್ಪರ ಅರಿವು ಅದಕ್ಕಿಂತ ಆಳದ್ದು. ಆಲಿಮ್ ಆಗಲಿರುವ ಹುಡುಗ ಶುಕ್ರವಾರದ ಖುತ್ಬಾ ಬರೆಯುವ ಮುನ್ನ, ತಾನು ಯಾರ ಪರವಾಗಿ ಬಾಯಿ ತೆರೆಯಲಿಲ್ಲ ಎಂದು ಒಮ್ಮೆ ಕೇಳಿಕೊಳ್ಳಲಿ. ಕತೆ ಬರೆಯುವ ನಾವೂ ಕೇಳಿಕೊಳ್ಳುತ್ತೇವೆ. ಗೆಳೆಯನಿಗೆ ಫೋನು ಮಾಡುವುದು ಇನ್ನೂ ಬಾಕಿಯಿದೆ.