ಯಾವ ಗಳಿಗೆಯನ್ನು ಹಿಡಿದ?: ಕಥಾಚಿತ್ರದ ರಸಿಕರಿಗೊಂದು ಕೈಪಿಡಿ

ವಾರಪತ್ರಿಕೆಯ ಕಥೆಯ ಪುಟ ತೆರೆದರೆ ಕಣ್ಣು ಮೊದಲು ಹೋಗುವುದು ಚಿತ್ರದ ಮೇಲೆ. ಕಥೆ ಓದಿ ಮುಗಿಸಿದ ಮೇಲೆ ಅದೇ ಚಿತ್ರಕ್ಕೆ ಮರಳಿ ಬರುವವರು ಮಾತ್ರ ಬಲು ಕಡಿಮೆ. ಕಥೆಗಾರನ ಬಗ್ಗೆ ಪತ್ರ ಬರುತ್ತದೆ, ಜಗಳ ಬರುತ್ತದೆ. ಚಿತ್ರ ಬರೆದವನಿಗೆ ಸಿಕ್ಕುವುದು ‘ಚೆನ್ನಾಗಿದೆ’ ಎಂಬ ಒಂದು ಮಾತು. ಚೆನ್ನಾಗಿದೆ ಎಂದರೇನು? ಮೂಗು ಮೂಗಿನ ಜಾಗದಲ್ಲಿದೆ, ಸೀರೆಯ ನೆರಿಗೆ ಸರಿಯಾಗಿ ಬಿದ್ದಿದೆ, ಅಷ್ಟೇ ತಾನೆ? ಅಷ್ಟಕ್ಕೇ ಆಗಿದ್ದರೆ ಫೋಟೊ ಸಾಕಿತ್ತು.

ಕಥಾಚಿತ್ರವನ್ನು ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಕಥೆಯಲ್ಲಿ ನೂರು ಗಳಿಗೆಗಳಿರುತ್ತವೆ. ಇವನು ಇದೊಂದನ್ನೇ ಏಕೆ ಹಿಡಿದ? ಇದರ ಹಿಂದಿನದನ್ನು, ಮುಂದಿನದನ್ನು ಏಕೆ ಬಿಟ್ಟ? ರೇಖೆ, ನೆರಳು, ಬಣ್ಣ ಎಲ್ಲವೂ ಈ ಪ್ರಶ್ನೆಯ ಬೆನ್ನಿಗೇ ಬರುತ್ತವೆ. ಅಭ್ಯಾಸಕ್ಕೆ ಹಾಸನ ಸೀಮೆ ಹೇಳಿ ಮಾಡಿಸಿದ ಜಾಗ. ಬೇಲೂರು, ಹಳೇಬೀಡನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಲ್ಲಿ ನೋಡುವುದಕ್ಕೆ ಇರುವುದೇ ಹೆಚ್ಚಾಗಿ ಹೊಸಬರು ಏನನ್ನೂ ನೋಡದೆ ವಾಪಸು ಬರುತ್ತಾರೆ. ಮೊದಲು ಚನ್ನರಾಯಪಟ್ಟಣದ ಬಸ್ಸು ಹತ್ತಿ.

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಗೊಮ್ಮಟನಿಗಾಗಿ ದೊಡ್ಡಬೆಟ್ಟ ಹತ್ತುತ್ತಾರೆ. ಕಥಾಚಿತ್ರದ ಪಾಠ ಇರುವುದು ಎದುರಿನ ಚಿಕ್ಕಬೆಟ್ಟದಲ್ಲಿ, ಚಂದ್ರಗುಪ್ತ ಬಸದಿಯಲ್ಲಿ. ಅದರ ಬಾಗಿಲಿನ ಎರಡೂ ಬದಿಗೆ ಕಲ್ಲಿನ ಜಾಲಂಧ್ರಗಳಿವೆ. ತೂತುಗಳ ನಡುವಿನ ಪುಟ್ಟ ಪುಟ್ಟ ಚೌಕಗಳಲ್ಲಿ ಭದ್ರಬಾಹು ಮುನಿ ಮತ್ತು ಚಂದ್ರಗುಪ್ತನ ಕಥೆ ಕೊರೆದಿದೆ. ಒಟ್ಟು 90 ದೃಶ್ಯಗಳು. ಕೊರೆದವನ ಹೆಸರೂ ಅಲ್ಲೇ ಇದೆ: ದಾಸೋಜ. ಬೇಲೂರಿನ ಮದನಿಕೆಗಳ ಕೆಳಗೂ ಇದೇ ಹೆಸರು ಕಾಣುವುದರಿಂದ ಇಬ್ಬರೂ ಒಬ್ಬನೇ ಇರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ಇಲ್ಲಿಗೆ ಬರುವ ಮುಂಚೆ ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯನ್ನು ಓದಿಕೊಂಡು ಬನ್ನಿ. ಹನ್ನೆರಡು ವರ್ಷದ ಕ್ಷಾಮ, ದಕ್ಷಿಣಕ್ಕೆ ಹೊರಟ ಸಂಘ, ಗುರುವಿನ ಕೊನೆಗಾಲದ ಸೇವೆಗೆ ನಿಂತ ಶಿಷ್ಯ. ಗದ್ಯದಲ್ಲಿ ಈ ಕಥೆಗೆ ಉಸಿರು ಬಿಡುವ ಜಾಗವಿದೆ. ದಾಸೋಜನಿಗೆ ಸಿಕ್ಕಿದ್ದು ಅಂಗೈಯಗಲವೂ ಇಲ್ಲದ ಚೌಕ. ಅದರಲ್ಲಿ ಕ್ಷಾಮವನ್ನು ತೋರಿಸುವುದು ಹೇಗೆ? ಬರಿದಾದ ನೆಲವನ್ನು ಕೊರೆಯಲಾಗದು. ಆದ್ದರಿಂದ ಮನುಷ್ಯರ ಮೈಯ ಭಂಗಿಗಳೇ ಇಲ್ಲಿ ಭಾಷೆಯಾಗುತ್ತವೆ: ಕೂತವರು ಯಾರು, ನಿಂತವರು ಯಾರು, ಬಾಗಿದವರು ಯಾರು. ಗುರು ಕೂತಿರುತ್ತಾನೆ, ಅರಸ ಬಾಗಿರುತ್ತಾನೆ, ಕಥೆಯ ಅರ್ಧ ಅಷ್ಟರಲ್ಲೇ ಹೇಳಿ ಮುಗಿದಿರುತ್ತದೆ. ಹತ್ತಿರ ಹೋಗಿ ಒಂದೇ ಚೌಕವನ್ನು ಆರಿಸಿಕೊಂಡು, ಅದರಲ್ಲಿ ಯಾರ ತಲೆ ಯಾರ ತಲೆಗಿಂತ ಮೇಲಿದೆ ಎಂದಷ್ಟೇ ನೋಡಿ. ಉಳಿದ ಚೌಕಗಳನ್ನು ನೋಡುವ ಕ್ರಮ ತಾನಾಗಿ ಬರುತ್ತದೆ.

ಈ ಜಾಲಂಧ್ರದಲ್ಲಿ ಒಂದು ತಮಾಷೆಯೂ ಇದೆ. ಸಾಲುಗಳು ಒಂದು ಬಿಟ್ಟು ಒಂದು ಕ್ರಮ ತಪ್ಪಿವೆಯೆಂದೂ, ಮುಂದೆ ಯಾವಾಗಲೋ ಜೋಡಿಸಿದವರು ಅದಲುಬದಲು ಮಾಡಿರಬೇಕೆಂದೂ ಶಾಸನತಜ್ಞ ಆರ್. ನರಸಿಂಹಾಚಾರ್ಯರು ಗುರುತಿಸಿದ್ದರು. ಪುಟ ತಿರುವುಮುರುವಾಗಿ ಹೊಲಿದ ಪುಸ್ತಕ ಇದು. ಹೊಸಬರಿಗೆ ಇದರಿಂದ ಲಾಭವೇ ಹೆಚ್ಚು. ಯಾವ ದೃಶ್ಯದ ನಂತರ ಯಾವುದು ಬರಬೇಕು ಎಂದು ನಾವೇ ಹುಡುಕಬೇಕಾದಾಗ ಪ್ರತಿ ಚೌಕದ ಹಿಂದುಮುಂದಿನ ಗಳಿಗೆಗಳನ್ನು ಮನಸ್ಸಿನಲ್ಲಿ ತುಂಬಿಕೊಳ್ಳಲೇಬೇಕಾಗುತ್ತದೆ.

ಬೆಟ್ಟ ಇಳಿದು ಊರೊಳಗಿನ ಜೈನ ಮಠಕ್ಕೆ ಬನ್ನಿ. ಅಲ್ಲಿನ ಗೋಡೆಗಳ ಮೇಲೆ ಬಣ್ಣದ ಚಿತ್ರಗಳಿವೆ: ಪಾರ್ಶ್ವನಾಥನ ಕಥೆಯ ದೃಶ್ಯಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು. ದರ್ಬಾರಿನ ಚಿತ್ರಕ್ಕೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅದು ಹಾಜರಿ ಪುಸ್ತಕ. ಯಾರು ಯಾರು ಬಂದಿದ್ದರು ಎಂಬುದನ್ನು ದಾಖಲಿಸುತ್ತದೆ. ನೀವು ನಿಲ್ಲಬೇಕಾದದ್ದು ಷಡ್ಲೇಶ್ಯೆಗಳ ಚಿತ್ರದ ಮುಂದೆ. ಒಂದು ಹಣ್ಣಿನ ಮರ, ಆರು ಜನ. ಒಬ್ಬ ಮರವನ್ನು ಬುಡಸಮೇತ ಕೀಳಲು ಹೊರಟಿದ್ದಾನೆ. ಇನ್ನೊಬ್ಬ ಕೊಂಬೆಗಳಿಗೆ ಕೈ ಹಾಕಿದ್ದಾನೆ, ಮತ್ತೊಬ್ಬ ರೆಂಬೆಗೆ. ಹೀಗೆ ಆಸೆ ಇಳಿಯುತ್ತಾ ಹೋಗಿ, ಕಡೆಯವನು ತಾನಾಗಿ ಉದುರುವ ಹಣ್ಣಿಗೆ ಕಾದಿದ್ದಾನೆ. ಜೀವಕ್ಕೆ ಅಂಟುವ ಕಪ್ಪಿನಿಂದ ಬಿಳಿಯವರೆಗಿನ ಆರು ಬಣ್ಣಗಳೆಂದು ಜೈನಶಾಸ್ತ್ರ ಹೇಳುವುದನ್ನು ಚಿತ್ರಕಾರ ಹೀಗೆ ಮರದ ಸುತ್ತ ನಿಲ್ಲಿಸಿದ್ದಾನೆ.

ದಾಸೋಜ ಒಂದರ ನಂತರ ಒಂದರಂತೆ ಗಳಿಗೆಗಳನ್ನು ಸಾಲಾಗಿ ಜೋಡಿಸಿದ. ಈ ಗೋಡೆಯ ಅನಾಮಧೇಯ ಕಲಾವಿದ ಆರನ್ನೂ ಒಂದೇ ಗಳಿಗೆಗೆ ತಂದು ನಿಲ್ಲಿಸಿದ. ಸುಮ್ಮನೆ ಲೆಕ್ಕ ಹಾಕಿ: ಮೊದಲನೆಯವನು ಮರ ಕಿತ್ತರೆ ಕಡೆಯವನಿಗೆ ಹಣ್ಣು ಎಲ್ಲಿಂದ ಉದುರಬೇಕು? ನಿಜಜೀವನದಲ್ಲಿ ಈ ಆರೂ ಒಟ್ಟಿಗೆ ನಡೆಯಲಾರವು. ಚಿತ್ರದಲ್ಲಿ ನಡೆಯುತ್ತವೆ, ಮತ್ತು ಹಾಗೆ ನಡೆಯುವುದರಿಂದಲೇ ನೋಡುವವನು ತಾನು ಆರರಲ್ಲಿ ಯಾರು ಎಂದು ಹುಡುಕತೊಡಗುತ್ತಾನೆ. ಪಠ್ಯದಲ್ಲಿ ಪಟ್ಟಿಯಾಗಿದ್ದದ್ದು ಚಿತ್ರದಲ್ಲಿ ಪೇಚಾಟವಾಯಿತು. ಒಳ್ಳೆಯ ಕಥಾಚಿತ್ರ ಮಾಡುವ ಕೆಲಸವೇ ಇದು. ಬರಹ ಹೇಳಿದ್ದನ್ನು ಅದು ತಿರುಗಿ ಹೇಳುವುದಿಲ್ಲ.

ತಿರುಗಿ ಹೇಳಿದರೆ ಹೇಗಿರುತ್ತದೆ ಎಂಬುದಕ್ಕೂ ಇದೇ ಜಿಲ್ಲೆಯಲ್ಲಿ ಉದಾಹರಣೆಯಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿನ ಸಪ್ತಸ್ವರ ಮಂದಿರವನ್ನು ತಂಬೂರಿಯ ಆಕಾರದಲ್ಲೇ ಕಟ್ಟಿದ್ದಾರೆ. ಭಕ್ತಿಯಿಂದ ಕಟ್ಟಿದ್ದು, ಮಕ್ಕಳಿಗಂತೂ ಬಹಳ ಇಷ್ಟ. ಆದರೆ ಸಂಗೀತಕ್ಕೆ ತಂಬೂರಿಯನ್ನೇ ಚಿತ್ರವಾಗಿ ಕೊಟ್ಟರೆ ನೋಡುವವನಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಪತ್ರಿಕೆಗಳಲ್ಲಿ ‘ಅವಳು ಕಣ್ಣೀರಿಟ್ಟಳು’ ಎಂಬ ಸಾಲಿನ ಪಕ್ಕದಲ್ಲೇ ಕಣ್ಣೀರಿಡುವ ಹೆಂಗಸಿನ ಚಿತ್ರ ಬರುತ್ತದಲ್ಲ, ಅದೂ ಇದೇ ಜಾತಿ.

ಇನ್ನು ನುಗ್ಗೇಹಳ್ಳಿ. ಚನ್ನರಾಯಪಟ್ಟಣದಿಂದ ತಿಪಟೂರಿನ ಕಡೆ ಹೋಗುವ ದಾರಿಯಲ್ಲಿದೆ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ. ಇಬ್ಬರು ಕಲಾವಿದರನ್ನು ಒಂದೇ ಕಟ್ಟಡದ ಮೇಲೆ ಹೋಲಿಸಿ ನೋಡುವ ಭಾಗ್ಯ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದು ಕಷ್ಟ. ದಕ್ಷಿಣದ ಗೋಡೆ ಹೆಚ್ಚಾಗಿ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ವಿಗ್ರಹಗಳ ಕೆಳಗೆ ಹೆಸರು ಕೆತ್ತಿಕೊಂಡಿದ್ದಾರೆ. ಮೊದಲು ಹೆಸರು ಓದಬೇಡಿ. ದಕ್ಷಿಣದ ನಾಲ್ಕು ಮೂರ್ತಿ ನೋಡಿ, ಸುತ್ತಿ ಬಂದು ಉತ್ತರದ ನಾಲ್ಕು ನೋಡಿ. ತೂಕ ಯಾವ ಕಾಲಿನ ಮೇಲಿದೆ, ಸೊಂಟ ಎಷ್ಟು ತಿರುಗಿದೆ, ಬೆರಳುಗಳು ಆಯುಧವನ್ನು ಹಿಡಿದಿವೆಯೋ ಬರೀ ತಾಗಿವೆಯೋ. ನನಗೆ ಕಂಡಂತೆ ಬೈಚೋಜ ನಿಂತ ಗಳಿಗೆಯ ಕಲಾವಿದ, ಆತನ ಮೂರ್ತಿಗಳಲ್ಲಿ ಉಸಿರು ಒಳಗೆಳೆದು ಹಿಡಿದ ಬಿಗಿಯಿದೆ. ಮಲ್ಲಿತಮ್ಮನಿಗೆ ಅಷ್ಟು ತಾಳ್ಮೆಯಿಲ್ಲ, ಅವನದು ಹೊರಟ ಗಳಿಗೆ. ನಯದಲ್ಲಿ ಬೈಚೋಜನೇ ಮುಂದು. ಆದರೂ ಕಥೆ ಹೇಳಲು ಒಬ್ಬನನ್ನು ಕರೆಯಬೇಕೆಂದರೆ ನಾನು ಉತ್ತರದ ಗೋಡೆಯವನನ್ನೇ ಕರೆಯುತ್ತೇನೆ.

ಆತನ ಬದುಕನ್ನು ಊಹಿಸಿಕೊಳ್ಳಿ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿ ಕಾಣಿಸುತ್ತದೆ, 1258ರ ಸೋಮನಾಥಪುರದಲ್ಲಿ ನಲವತ್ತರಷ್ಟು ಮೂರ್ತಿಗಳ ಕೆಳಗೆ ಕಾಣಿಸುತ್ತದೆ. ಒಬ್ಬನೇ ಮನುಷ್ಯನೆಂದು ಒಪ್ಪಿದರೆ ಅರವತ್ತು ವರ್ಷ ಮೀರಿದ ದುಡಿಮೆ. ಒಂದೊಂದು ಊರಿನಲ್ಲಿ ಬಿಡಾರ, ಒಬ್ಬೊಬ್ಬ ದಂಡನಾಯಕನ ತಗಾದೆ, ಅದೇ ಇಪ್ಪತ್ತನಾಲ್ಕು ವಿಷ್ಣುಮೂರ್ತಿಗಳು ಮತ್ತೆ ಮತ್ತೆ. ಕೈಗೆ ಬಂದದ್ದು ಬಳಪದ ಕಲ್ಲು. ಗಣಿಯಿಂದ ಎದ್ದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಸೂಕ್ಷ್ಮ ಕೆಲಸಕ್ಕೆ ಅವಸರ ಮಾಡು ಎಂದು ಕಲ್ಲೇ ಹೇಳುತ್ತಿತ್ತೇನೋ. ಬೇಲೂರಿನ ಶಿಲ್ಪಿಗಳು ಎದುರಾಳಿ ಶಿಲ್ಪಿಗಳನ್ನು ಗೆದ್ದವರೆಂಬ ಬಿರುದುಗಳನ್ನೂ ಮೂರ್ತಿಗಳ ಕೆಳಗೆ ಕೊರೆದುಕೊಂಡರು. ಇವನದು ಹೆಚ್ಚಿನ ಕಡೆ ಬರೀ ಹೆಸರು, ಕೆಲವು ಕಡೆ ಅದೂ ಮೊಟಕು. ಬಿರುದು ಹಾಕಿಕೊಳ್ಳಲು ಪುರುಸೊತ್ತು ಇರಲಿಲ್ಲ ಎಂದೇ ನನ್ನ ಗುಮಾನಿ.

ಗೋಡೆಯ ಕೆಳಭಾಗದ ಪಟ್ಟಿಕೆಗಳಿಗೆ ಒಂದು ಮಾತು. ಆನೆ, ಕುದುರೆ, ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಮತ್ತೂ ಮೇಲೆ ಮಕರ, ಹಂಸ. ಪ್ರದಕ್ಷಿಣೆ ಹಾಕುವವನ ಬಲಕ್ಕೆ ಗೋಡೆ ಇರುವುದರಿಂದ, ಗೋಡೆಗೆ ಮುಖ ಮಾಡಿ ನಿಂತರೆ ಹೊಯ್ಸಳರ ಕಥೆ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಸಾಗುತ್ತದೆ. ಪುಸ್ತಕ ಓದಿದ ಅಭ್ಯಾಸದಲ್ಲಿ ಎಡದಿಂದ ಶುರುಮಾಡಿದರೆ ಸತ್ತವನು ಎದ್ದು ಯುದ್ಧಕ್ಕೆ ಹೋಗುತ್ತಾನೆ. ಅಮೃತಾಪುರದ ರಾಮಾಯಣ ಮಾತ್ರ ಈ ನಿಯಮಕ್ಕೂ ಬಗ್ಗದೆ ಅಪ್ರದಕ್ಷಿಣವಾಗಿ ಸಾಗುತ್ತದೆ.

ಕಲ್ಲು ಬಿಟ್ಟು ಕಾಗದಕ್ಕೆ ಬರೋಣ. ಇಂದು ಹಾಸನದಂಥ ಊರಿನಲ್ಲಿ ಕೂತು ಪತ್ರಿಕೆಗಳಿಗೆ ಚಿತ್ರ ಬರೆಯುವವನ, ನಡುವೆ ತಾನೂ ಒಂದಿಷ್ಟು ಗದ್ಯ ಬರೆಯುವವನ ದಿನಚರಿಯಲ್ಲಿ ಸ್ಫೂರ್ತಿ ಎಂಬುದಕ್ಕೆ ಬಹಳ ಸಣ್ಣ ಜಾಗ. ಕಥೆ ಫೋನಿಗೆ ಬರುತ್ತದೆ, ನಾಳೆ ಸಂಜೆಗೆ ಚಿತ್ರ ಬೇಕು. ಮೊದಲ ಓದು ಕಥೆಗಾಗಿ. ಎರಡನೆಯದು ವಸ್ತುಗಳಿಗಾಗಿ: ಎಂಥ ಮನೆ, ಎಂಥ ಕೊಡ, ಯಾವ ಹೊತ್ತು. ಇಲ್ಲಿ ಊರು ತಪ್ಪುವಂತಿಲ್ಲ. ಹಾಸನ ಜಿಲ್ಲೆ ಅರ್ಧ ಮಲೆನಾಡು, ಅರ್ಧ ಬಯಲು. ಸಕಲೇಶಪುರದ ಕಥೆಗೆ ಇಳಿಜಾರು ಹೆಂಚಿನ ಮಾಡು, ಚನ್ನರಾಯಪಟ್ಟಣದ ಕಥೆಗೆ ತೆಂಗಿನ ತೋಟದ ಅಂಚು. ಅರಕಲಗೂಡು ಕಡೆಯ ಹೊಲವನ್ನು ತೋರಿಸಬೇಕೆಂದರೆ ದೂರದಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಒಂದನ್ನು ನಿಲ್ಲಿಸಿದರೆ ಸಾಕು, ಊರಿನ ಹೆಸರು ಬರೆಯುವುದೇ ಬೇಡ. ಆಮೇಲೆ ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ ನಾಲ್ಕೈದು ಕರಡು, ಒಂದೊಂದರಲ್ಲಿ ಕಥೆಯ ಒಂದೊಂದು ಗಳಿಗೆ. ಶೀರ್ಷಿಕೆ ಎಲ್ಲಿ ಕೂರುತ್ತದೆ, ಎಷ್ಟು ಕಾಲಂ ಜಾಗ ಎಂಬುದನ್ನು ನೋಡಿ ಒಂದನ್ನು ಉಳಿಸಿಕೊಳ್ಳುವುದು. ಇಂಕು ಹಚ್ಚುವುದೋ ಟ್ಯಾಬ್ಲೆಟ್ಟಿನ ಮೇಲೆ ಎಳೆಯುವುದೋ ಆಮೇಲಿನ ಮಾತು.

ಕೈ ಪಳಗುವುದು ಬೇರೆಡೆ. ಮೈಸೂರಿನಿಂದ ಹಾಸನಕ್ಕೆ ಬರುವ ಪ್ಯಾಸೆಂಜರ್ ರೈಲು ಹೊಳೆನರಸೀಪುರ, ಮಾವಿನಕೆರೆಗಳಲ್ಲಿ ನಿಲ್ಲುತ್ತದೆ. ಹೊಳೆನರಸೀಪುರದಲ್ಲಿ ಹತ್ತಿದವರು ಹಾಸನದವರೆಗೆ ಎದುರು ಸೀಟಿನಲ್ಲಿ ಕೂತಿರುತ್ತಾರೆ. ಮುಖ ಬರೆಯಲು ಸಾಲದಷ್ಟು, ಭಂಗಿ ಬರೆಯಲು ಧಾರಾಳವಾದಷ್ಟು ಹೊತ್ತು. ಮಡಿಲಲ್ಲಿ ಚೀಲ ಇಟ್ಟುಕೊಂಡವಳ ಕೈಗಳು, ನಿಂತೇ ತೂಕಡಿಸುವವನ ಮೊಣಕಾಲು. ಕಥಾಚಿತ್ರದಲ್ಲಿ ಒಂದು ಭಂಗಿ ‘ಇದು ನಿಜ’ ಅನಿಸಿದರೆ ಅದರ ಹಿಂದೆ ಇಂಥದೊಂದು ರೈಲೋ ಸಂತೆಯೋ ಇದ್ದೇ ಇರುತ್ತದೆ. ಸ್ಟುಡಿಯೊದಲ್ಲಿ ಕಲ್ಪಿಸಿದ ಭಂಗಿ ಒಂದು ತೂಕ ಕಡಿಮೆಯೇ.

ಬಣ್ಣ ಮುಟ್ಟದೆ ಇದೇ ಕೆಲಸ ಮಾಡಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಹೇಮಾವತಿ ಹೊಳೆನರಸೀಪುರಕ್ಕೆ ಬರುವ ಮೊದಲು ಸಿಕ್ಕುವ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದವರು. ಅವರ ‘ಹಳ್ಳಿಯ ಚಿತ್ರಗಳು’ 1930ರ ಪುಸ್ತಕ. ಅದರ ಹಿಂದೆಯೇ ಬಂದ ‘ನಮ್ಮ ಊರಿನ ರಸಿಕರು’ ಈ ಕೈಪಿಡಿಗೆ ಸರಿಹೊಂದುವ ಹೆಸರು. ಅವರನ್ನು ಹಾಸ್ಯಲೇಖಕರೆಂದು ಓದಿ ಬದಿಗಿಡುವ ರೂಢಿಯಿದೆ, ಅದು ನಷ್ಟ. ಚಿತ್ರಕಾರರೆಂದು ಓದಿ ನೋಡಿ. ಒಬ್ಬ ಮನುಷ್ಯನ ಎತ್ತರ, ಬಣ್ಣ, ಮೂಗುಗಳ ವರದಿ ಕೊಡುವ ಆತುರ ಅವರಿಗಿಲ್ಲ. ಆತ ಏನೋ ಮಾಡುತ್ತಿರುವಾಗ, ಏನೋ ಹೇಳಲು ಬಾಯಿ ತೆರೆದಾಗ ಹಿಡಿಯುತ್ತಾರೆ. ಉಳಿದದ್ದನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ. ಅವರ ಒಂದು ಪ್ರಬಂಧ ಓದಿ, ಅದಕ್ಕೆ ಒಂದೇ ಒಂದು ಚಿತ್ರ ಹಾಕುವುದಾದರೆ ಯಾವ ಸಾಲಿನಲ್ಲಿ ಹಾಕುತ್ತೀರಿ ಎಂದು ಪೆನ್ಸಿಲ್ ಗುರುತು ಮಾಡಿ. ಗೆಳೆಯರೊಬ್ಬರಿಂದಲೂ ಅದೇ ಮಾಡಿಸಿ, ಇಬ್ಬರ ಗುರುತೂ ಬೇರೆ ಬೇರೆ ಕಡೆ ಬಿದ್ದಿದ್ದರೆ ಜಗಳವಾಡಿ. ಚಿತ್ರ ನೋಡಬಲ್ಲವರಾಗಲು ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಅರಕಲಗೂಡು ನರಸಿಂಗರಾಯರ ಮಗ ಅ.ನ.ಕೃ. ಹೋದ ದಾರಿ ಬೇರೆ. ‘ಉದಯರಾಗ’ದಲ್ಲಿ ಅವರು ಚಿತ್ರಕಾರನನ್ನೇ ಕಾದಂಬರಿಯ ನಾಯಕನನ್ನಾಗಿ ಮಾಡಿದರು. ಕಲಾವಿದನ ಬದುಕು ಓದುಗರ ಗಮನಕ್ಕೆ ಯೋಗ್ಯ ಎಂಬ ಹಟ ಅದು. ಹಟ ಕೆಲವು ಕಡೆ ಭಾಷಣವಾಗುತ್ತದೆ ಎನ್ನುವುದು ನಿಜ. ಆದರೂ ಕನ್ನಡದಲ್ಲಿ ಆ ಕೆಲಸವನ್ನು ಅಷ್ಟು ದೊಡ್ಡ ಓದುಗವರ್ಗದ ಮುಂದೆ ಮಾಡಿದವರು ಅವರೇ.

ಪತ್ರಿಕೆಗಳ ಕಡೆಗೆ ಹೋಗುವಾಗ ‘ಕೊರವಂಜಿ’ಯಿಂದ ಶುರುಮಾಡಬಹುದು. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಆ ಹಾಸ್ಯಪತ್ರಿಕೆಗೆ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು. ತಮ್ಮ ಅಣ್ಣ ನಾರಾಯಣರ ಕಥೆಗಳಿಗೂ ಬರೆದರು. ಮಾಲ್ಗುಡಿಯ ಮುಖ ನಮಗೆ ಗೊತ್ತಿರುವುದು ಆ ಗೆರೆಗಳಿಂದ. ಅವುಗಳಲ್ಲಿ ಮುಖ್ಯ ಪಾತ್ರ ಹೆಚ್ಚು ಏನೂ ಮಾಡುತ್ತಿರುವುದಿಲ್ಲ. ಒಂದು ಜಗುಲಿ, ಒಂದು ಛತ್ರಿ, ಯಾರನ್ನೋ ಕಾಯುತ್ತಿರುವ ಮನುಷ್ಯ. ಘಟನೆ ಇನ್ನೂ ಬಂದಿಲ್ಲ, ಅಥವಾ ಆಗಲೇ ಹೋಗಿಬಿಟ್ಟಿದೆ.

ಮುಂದಿನ ದೀಪಾವಳಿ ವಿಶೇಷಾಂಕ ಕೈಗೆ ಬಂದಾಗ ಹೀಗೆ ಮಾಡಿ. ಚಿತ್ರದ ಮೇಲೆ ಒಂದು ಹಾಳೆ ಮುಚ್ಚಿ ಕಥೆ ಓದಿ, ನಿಮ್ಮ ಗಳಿಗೆಯನ್ನು ಆರಿಸಿ, ಆಮೇಲೆ ಹಾಳೆ ಸರಿಸಿ. ಕಲಾವಿದ ನಿಮ್ಮದನ್ನೇ ಆರಿಸಿದ್ದರೆ ಕಥೆ ಸ್ವಲ್ಪ ಸರಳವಾಗಿತ್ತೇನೋ ನೋಡಿಕೊಳ್ಳಿ. ನೀವು ಲೆಕ್ಕಕ್ಕೇ ತಾರದಿದ್ದ ಸಾಲೊಂದನ್ನು ಅವನು ಹಿಡಿದಿದ್ದರೆ ಆ ಸಾಲಿಗೆ ವಾಪಸು ಹೋಗಿ ಇನ್ನೊಮ್ಮೆ ಓದಿ. ಕಲಾವಿದನ ಹೆಸರನ್ನೂ ಹುಡುಕಿ: ಅದು ಸಾಮಾನ್ಯವಾಗಿ ಚಿತ್ರದ ಕೆಳಮೂಲೆಯಲ್ಲಿ, ಸಹಿಯ ರೂಪದಲ್ಲಿ, ಗೆರೆಗಳ ನಡುವೆ ಅಡಗಿರುತ್ತದೆ. ಸಿಗದಿದ್ದರೆ ಪುಟವನ್ನು ಅಡ್ಡ ತಿರುಗಿಸಿ ನೋಡಿ; ಕೆಲವರು ಅಂಚಿಗುಂಟ ಲಂಬವಾಗಿ ಬರೆಯುತ್ತಾರೆ.