ತುಘಲಕನ ಬೊಕ್ಕಸ

ಗಿರೀಶ ಕಾರ್ನಾಡರ ‘ತುಘಲಕ್’ (1964) ಕನಸು ಒಡೆದ ಆದರ್ಶವಾದಿಯೊಬ್ಬನ ದುರಂತವೆಂದು ಹೇಳುವುದು ನಮ್ಮ ವಿಮರ್ಶಕರಿಗೆ ರೂಢಿಯಾಗಿದೆ. ನಾನೂ ಹಾಗೆಯೇ ಪಾಠ ಹೇಳುತ್ತಿದ್ದೆ. ಒಂದು ದಿನ ತೆಂಗಳಿಯ ಹುಡುಗನೊಬ್ಬ ಎದ್ದುನಿಂತು, “ಸುಲ್ತಾನನ ಬಜೆಟ್ ಯಾರು ಪಾಸು ಮಾಡತಿದ್ರು, ಸರ?” ಎಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದು, ತಾಮ್ರದ ನಾಣ್ಯ ಹೊರಡಿಸುವುದು, ಎರಡನ್ನೂ ಮಹಮ್ಮದನು ಅಮೀರರ ಮುಂದೆ ಸಾರುತ್ತಾನೆ. ಅವನು ಬೇಡುವುದು ಅವರ ಸಹಕಾರವನ್ನು, ಒಪ್ಪಿಗೆಯನ್ನಲ್ಲ. ‘ಕೂಡದು’ ಎನ್ನುವ ಹಕ್ಕಿಲ್ಲದ ಆ ಸಭೆ ಪ್ರಾರ್ಥನೆಯ ವೇಳೆಯಲ್ಲಿ ಕಠಾರಿ ಹಿರಿಯುತ್ತದೆ. ಇದನ್ನು ಬರಿಯ ರಾಜದ್ರೋಹವೆಂದರೆ ನಾಟಕ ಕಿರಿದಾಗುತ್ತದೆ. ದೊರೆಯ ಖರ್ಚನ್ನು ಕೈಯೆತ್ತಿ ತಡೆಯಲಾಗದ ಕಡೆ ಕೈಗೆ ಬರುವುದು ಕಠಾರಿ, ಇಲ್ಲವೆ ಖೋಟಾ ನಾಣ್ಯ. ಅಗಸ ಅಜೀಜ ಎರಡನೆಯದನ್ನು ಆರಿಸಿಕೊಂಡ ಜಾಣ.

ಕೈಯೆತ್ತುವ ಹಕ್ಕು ನಮಗೂ ಸುಲಭವಾಗಿ ಬರಲಿಲ್ಲ. ಮೈಸೂರಿನ ನ್ಯಾಯವಿಧಾಯಕ ಸಭೆಗೆ 1923ರ ಸುಧಾರಣೆಯಲ್ಲಿ ವೆಚ್ಚದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ದೊರೆಯಿತು. ಆದರೆ ಹಣ ಕೇಳುವ ದಿವಾನರೇ ಅಧ್ಯಕ್ಷಪೀಠದಲ್ಲಿದ್ದರು! ನಿಜಾಮನ ಆಳ್ವಿಕೆಯ ತೆಂಗಳಿಗೆ ಆಗ ಅಷ್ಟೂ ಇರಲಿಲ್ಲ. ಬೇಡಿಕೆಯನ್ನು ನಿರಾಕರಿಸುವ, ಇಳಿಸುವ ಹಕ್ಕನ್ನು ಸಂವಿಧಾನದ 203ನೆಯ ವಿಧಿ ಇಂದು ವಿಧಾನಸಭೆಗೆ ಕೊಟ್ಟಿದೆ.

ಕಾರ್ನಾಡರ ಮೇಲೆ ನನ್ನದೊಂದು ಆಕ್ಷೇಪಣೆ ಉಂಟು. ಚರಿತ್ರಕಾರನಾದ ಬರನಿಯನ್ನು ಅವರು ಮರುಗುವುದಕ್ಕೇ ಮೀಸಲಿಟ್ಟರು. ಅವನು ಲೆಕ್ಕ ಕೇಳುವುದಿಲ್ಲ. ಖೋಟಾ ನಾಣ್ಯ ತುಂಬಿದ ಗಾಡಿಗಳು ಗುಲಾಬಿ ತೋಟಕ್ಕೆ ಬರುತ್ತಿರುವಾಗ ಆ ಮಾತೆತ್ತುವವಳು ಮಲತಾಯಿ, ಅದೂ ಅರಮನೆಯ ಒಳಗೆ.